ಇಪ್ಪತ್ತೊಂಬತ್ತನೇ ಸಹಿ

ಬೀದಿಯನ್ನು ಚಂದ ಮಾಡುವ ಕೆಲಸ ಶುರುವಾದದ್ದೇ ಒಂದು ಕಪಾಳಮೋಕ್ಷದಿಂದ.

ಗಾಜಿನಂಗಡಿಯ ಹಿಂದಿನ ಕೋಣೆಯಲ್ಲಿ ಅಂಗಡಿಯವರ ಮೊದಲ ಸಭೆ ಸೇರಿತ್ತು. ಗೋಡೆಗೆ ಒರಗಿಸಿಟ್ಟ ಕನ್ನಡಿಗಳಲ್ಲಿ ಒಬ್ಬೊಬ್ಬರೂ ಮೂರು ಮೂರಾಗಿ ಕಾಣುತ್ತಿದ್ದರು. ದರ್ಜಿ ಎದ್ದು ನಿಂತು, ನೂಲಿನಷ್ಟು ತೆಳ್ಳಗಿನ ತನ್ನ ದನಿಯಲ್ಲಿ, "ನಮ್ಮ ಕಟ್ಟೆ ನಮ್ಮಪ್ಪನ ಕಾಲದ್ದು. ಒಡೆಯೋಕೆ ಮುಂಚೆ ಒಂದ್ಸಲ ಯೋಚನೆ ಮಾಡಿ ಸ್ವಾಮಿ," ಎಂದ. ಅಷ್ಟೇ. ಮಾಂಸದಂಗಡಿಯವನು ಎದ್ದ, ಅಡ್ಡವಿದ್ದ ಎರಡು ಕುರ್ಚಿಗಳನ್ನು ಪಕ್ಕಕ್ಕೆ ಸರಿಸಿದ, ಅವಸರವಿಲ್ಲದೆ ನಡೆದುಬಂದು ದರ್ಜಿಯ ಕೆನ್ನೆಗೆ ಬಾರಿಸಿದ. ಕನ್ನಡಕ ಹಾರಿ ಕನ್ನಡಿಯೊಂದಕ್ಕೆ ಬಡಿಯಿತು.

"ನಿಮ್ಮಪ್ಪನ ಕಟ್ಟೆ ನಮ್ಮಪ್ಪನ್ನ ತಿಂತು," ಎಂದ ಅವನು. "ಈಗ ಯೋಚನೆ ಮಾಡು."

ಮಾತು ಸುಳ್ಳಾಗಿರಲಿಲ್ಲ. ಹಿಂದಿನ ವರ್ಷ ಅವನ ಅಪ್ಪನಿಗೆ ಎದೆ ಹಿಡಿದುಕೊಂಡಾಗ ಆಂಬುಲೆನ್ಸ್ ಬೀದಿಯ ಬಾಯಲ್ಲೇ ಸಿಕ್ಕಿಕೊಂಡಿತ್ತು. ಇದ್ದದ್ದು ನಲವತ್ತೆರಡು ಅಂಗಡಿ. ಒಬ್ಬರ ಕಟ್ಟೆ, ಇನ್ನೊಬ್ಬರ ಮೆಟ್ಟಿಲು, ಮತ್ತೊಬ್ಬರ ತಗಡಿನ ಮಾಡು ವರ್ಷಕ್ಕೊಂದು ಗೇಣಿನಂತೆ ರಸ್ತೆಗೆ ಇಳಿದು ಇಳಿದು, ಎದುರುಬದುರಿನವರು ಕೂತಲ್ಲಿಂದಲೇ ಕೈ ಚಾಚಿ ಬೆಂಕಿಪೊಟ್ಟಣ ಕೊಡುವಷ್ಟು ಹತ್ತಿರವಾಗಿದ್ದರು. ಮಗ ಅಪ್ಪನನ್ನು ಹೆಗಲ ಮೇಲೆ ಹೊತ್ತು ಓಡಿದ್ದ. ದರ್ಜಿಯ ಕಟ್ಟೆಗೆ ಎಡವಿ ಬಿದ್ದಿದ್ದ. ಎದ್ದು ಮತ್ತೆ ಹೊತ್ತುಕೊಂಡಾಗ ಅಪ್ಪನ ಉಸಿರಿರಲಿಲ್ಲ.

ಮೂಲೆಯ ಸ್ಟೂಲಿನಲ್ಲಿ ಕೂತು ಇದನ್ನೆಲ್ಲ ಬರೆದುಕೊಳ್ಳುತ್ತಿದ್ದವಳು ಸಂಘದ ಕಾರ್ಯದರ್ಶಿ. ಮೂವತ್ತನೇ ನಂಬರಿನಲ್ಲಿ ಜೆರಾಕ್ಸ್ ಯಂತ್ರ ಇಟ್ಟುಕೊಂಡಿದ್ದರಿಂದ ಬೀದಿಗೆಲ್ಲ ಅವಳು ಜೆರಾಕ್ಸ್ ಅಕ್ಕ. ಅವಳಿಗಿಂತ ಇಪ್ಪತ್ತು ವರ್ಷ ದೊಡ್ಡವರಿಗೂ ಅಕ್ಕ. ಡಿಗ್ರಿ ಓದಿದವಳು, ಅವಳು ಬರೆದ ಅರ್ಜಿಯನ್ನು ಅಧಿಕಾರಿಗಳು ಎರಡನೇ ಸಲ ಓದಬೇಕಾಗುತ್ತಿರಲಿಲ್ಲ ಎಂಬ ಕಾರಣಕ್ಕೆ ಆ ಹುದ್ದೆ ಅವಳ ಕೊರಳಿಗೆ ಬಿದ್ದಿತ್ತು. ಅವಳು ಪೆನ್ನನ್ನು ಒಂದು ಕ್ಷಣ ಎತ್ತಿಹಿಡಿದು, ಯೋಚಿಸಿ, 'ಬಿರುಸಿನ ಚರ್ಚೆ ನಡೆಯಿತು' ಎಂದು ಬರೆದಳು.

ನಗರ ಕಚೇರಿಯ ಷರತ್ತು ಒಂದೇ. ನಲವತ್ತೆರಡು ಅಂಗಡಿಯವರೂ ಕಟ್ಟಡಗಳ ಮಾಲೀಕರೂ ಮೂರಡಿ ಹಿಂದೆ ಸರಿಯುತ್ತೇವೆಂದು ಸಹಿ ಹಾಕಿಕೊಟ್ಟರೆ ಹೊಸ ಚರಂಡಿ, ಹಾಸುಗಲ್ಲು, ಸಾಲುದೀಪ ಎಲ್ಲವೂ ಬರುತ್ತದೆ. ಒಂದು ಸಹಿ ಕಡಿಮೆಯಾದರೂ ಕೆಲಸ ಪಕ್ಕದ ಬೀದಿಗೆ ಹೋಗುತ್ತದೆ. ದರ್ಜಿ ಅಂದು ಸಂಜೆಯೇ ಕೆನ್ನೆ ಹಿಡಿದುಕೊಂಡು ಬಂದು ಸಹಿ ಹಾಕಿದ. "ತಪ್ಪು ನಂದೇ ಅಕ್ಕ, ಅವನ ಸಂಕಟ ಅವನಿಗೆ," ಎಂದ. ಒಡೆದ ಕನ್ನಡಕದ ಹಿಂದೆ ಅವನ ಕಣ್ಣು ಎಲ್ಲಿ ನೋಡುತ್ತಿದೆಯೆಂದು ಅವಳಿಗೆ ತಿಳಿಯಲಿಲ್ಲ.

ಒಂದೇ ತಿಂಗಳಲ್ಲಿ ನಲವತ್ತೊಂದು ಸಹಿಯಾಯಿತು. ಉಳಿದದ್ದು ಇಪ್ಪತ್ತೊಂಬತ್ತನೇ ನಂಬರು. ಅವಳ ಚಿಕ್ಕಪ್ಪ.

ಚಿಕ್ಕಪ್ಪನ ಸೈಕಲ್ ರಿಪೇರಿ ಅಂಗಡಿ ಅಂಗಡಿಯೇ ಅಲ್ಲ, ಎರಡು ಕಟ್ಟಡಗಳ ನಡುವೆ ಉಳಿದ ಸಂದಿಗೆ ಯಾರೋ ಬಾಗಿಲಿಟ್ಟಂತಿತ್ತು. ಒಳಗೆ ಸಾಮಾನು, ಹೊರಗೆ ಮನುಷ್ಯ. ಬಾಗಿಲ ಮುಂದೆ ರಸ್ತೆಗೆ ಚಾಚಿದ ಒಂದು ಚಪ್ಪಡಿ ಕಲ್ಲು, ಅದಕ್ಕೆ ಬೋಲ್ಟು ಹಾಕಿ ಕೂರಿಸಿದ, ಸಾಮಾನನ್ನು ಕಚ್ಚಿಹಿಡಿಯುವ ಕಬ್ಬಿಣದ ವೈಸ್. ಯಾವ ಡೊಂಕು ರಿಮ್ಮನ್ನಾದರೂ ಆ ವೈಸಿನ ಬಾಯಿಗೆ ಕೊಟ್ಟು ನೇರ ಮಾಡುತ್ತಿದ್ದ. ಅಣ್ಣ ಸತ್ತಮೇಲೆ ಅಣ್ಣನ ಮಗಳನ್ನು ಓದಿಸಿದ್ದು ಆ ಕಲ್ಲಿನ ಮೇಲೆ ಕೂತೇ.

"ಮೂರಡಿ ಬಿಟ್ಟರೆ ನಂಗೆ ಉಳಿಯೋದು ಗೋಡೆ ಕಣೇ ಪುಟ್ಟಿ," ಎಂದಿದ್ದ ಅವಳು ಕಾಗದ ಹಿಡಿದು ಹೋದಾಗ. "ಗೋಡೇಲಿ ಒಂದು ಮೊಳೆ ಹೊಡೆದು ನನ್ನ ನೇತುಹಾಕಿಬಿಡು. ಬಂದವರು ಸೈಕಲ್ ಎತ್ತಿಹಿಡೀಲಿ, ನಾನು ಅಲ್ಲಿಂದಲೇ ರಿಪೇರಿ ಮಾಡ್ತೀನಿ."

"ತಮಾಷೆ ಸಾಕು ಚಿಕ್ಕಪ್ಪ. ಎಲ್ಲರೂ ಹಾಕಿದಾರೆ."

"ಎಲ್ಲರಿಗೂ ಒಳಗೆ ಜಾಗ ಇದೆ. ನಂಗೆ ಎಲ್ಲಿದೆ ತೋರಿಸು, ಈಗಲೇ ಹಾಕ್ತೀನಿ."

ಅವಳು ಜಾಗ ಹುಡುಕಲು ಹೊರಟಳು. ಪಕ್ಕದ ಇಪ್ಪತ್ತೆಂಟನೇ ನಂಬರು, ಹಿಂದೆ ಗುಂಡಿ-ಲೇಸು ಮಾರುತ್ತಿದ್ದ ಅಂಗಡಿ, ಆರು ತಿಂಗಳಿಂದ ಖಾಲಿ ಬಿದ್ದಿತ್ತು. ಅದೂ ಸೇರಿ ಬೀದಿಯಲ್ಲಿ ಹದಿನಾರು ಅಂಗಡಿಗಳ ಒಡತಿ ಒಬ್ಬ ಮುದುಕಿ. ಜನ ಅವಳನ್ನು ಹದಿನಾರಮ್ಮ ಎನ್ನುತ್ತಿದ್ದರು. ಬಾಡಿಗೆದಾರರ ಶಟರುಗಳನ್ನು ಊರುಗೋಲಿನಿಂದ ಬಡಿಯುತ್ತ ಬೀದಿಯುದ್ದ ನಡೆಯುವುದು ಅವಳ ಬೆಳಗಿನ ವ್ಯಾಯಾಮ. ಕೋಲಿಗೆ ಶಟರೂ ಒಂದೇ, ಅಡ್ಡ ಬಂದ ಮೊಣಕಾಲೂ ಒಂದೇ.

"ಗುಂಡಿಯಂಗಡಿನ ಚಿಕ್ಕಪ್ಪನಿಗೆ ಕೊಡಿ ಅಮ್ಮಾ. ಅದೇ ಬಾಡಿಗೆ ಕೊಡ್ತಾರೆ. ಆಗ ಸಹಿ ಹಾಕ್ತಾರೆ."

"ಕೊಡೋಣ ಬಿಡೇ," ಎಂದಳು ಹದಿನಾರಮ್ಮ. "ಮೊದಲು ಸಹಿ ಎಲ್ಲ ಆಗಲಿ. ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸೋಕೆ ನಿಂತ್ಯಲ್ಲ."

ಸಹಿ ಸಲ್ಲಿಸುವ ಕೊನೆಯ ದಿನಕ್ಕೆ ಮೂರು ದಿನ ಉಳಿದಿರುವಾಗ ಬೆಳಿಗ್ಗೆ ಚಿಕ್ಕಪ್ಪ ಬಾಗಿಲು ತೆಗೆಯಲು ಬಂದರೆ, ಹಿಂದಿನ ದಿನ ರಿಪೇರಿ ಮಾಡಿ ಹೊರಗೆ ಸರಪಳಿ ಹಾಕಿ ನಿಲ್ಲಿಸಿದ್ದ ಏಳು ಸೈಕಲ್ಲುಗಳ ಟೈರು, ಸೀಟು ಎಲ್ಲ ಸೀಳಿಹೋಗಿದ್ದವು. ಸೀಳು ಒಂದೇ ಎಳೆತದ್ದು, ಅಂಚು ನುಣುಪಾಗಿತ್ತು. ಕತ್ತಿ ಹಿಡಿದು ಅಭ್ಯಾಸವಿದ್ದ ಕೈಯ ಕೆಲಸ. ಗಾಜಿನಂಗಡಿಯ ಯಜಮಾನ, ಸಂಘದ ಅಧ್ಯಕ್ಷ, ಬಂದು ನೋಡಿ ಲೊಚಗುಟ್ಟಿದ. "ಯಾರು ಮಾಡಿದ್ರೋ, ಪಾಪಿಗಳು," ಎಂದು ಅವಳ ಕಡೆ ತಿರುಗಿ, ದನಿ ತಗ್ಗಿಸಿ, "ಇವತ್ತು ಟೈರು ಅಕ್ಕ. ಹುಡುಗರು ತುಂಬ ಬಿಸಿಯಾಗಿದಾರೆ. ನಿಮ್ಮೋರಿಗೆ ಹೇಳಿ," ಎಂದ.

ಅಂದಿನಿಂದ ಅವಳಿಗೆ ನಿದ್ದೆಯಿಲ್ಲ, ಊಟ ಸೇರುತ್ತಿಲ್ಲ. ಪಕ್ಕದಲ್ಲಿ ಏನು ಬಿದ್ದ ಸದ್ದಾದರೂ ಎದ್ದು ಹೊರಗೆ ಇಣುಕುತ್ತಿದ್ದಳು. ಸಹಿ ಬಾರದಿದ್ದರೆ ಚಿಕ್ಕಪ್ಪನ ಮೈಮೇಲೆ ಕೈ ಬೀಳುತ್ತದೆ. ಈ ಒಂದು ಮಾತು ಬಿಟ್ಟು ಬೇರೇನೂ ಅವಳ ತಲೆಯಲ್ಲಿ ನಿಲ್ಲಲಿಲ್ಲ. ಚಿಕ್ಕಪ್ಪ ಮಾತ್ರ ಸೀಳಿದ ಟೈರುಗಳನ್ನು ರಾಶಿ ಹಾಕಿ, ಅದರ ಮೇಲೆ ಕೂತು, "ಹೊಸ ಸೋಫಾ ಬಂತು ನೋಡು," ಎಂದು ಬಂದವರಿಗೆಲ್ಲ ತೋರಿಸಿದ.

ಕೊನೆಯ ದಿನ ಹತ್ತೂವರೆಗೆ, ಹನ್ನೊಂದಕ್ಕೆ ಕಚೇರಿ ತಲುಪಬೇಕಾದ ಫೈಲನ್ನು ಮೇಜಿನ ಮೇಲಿಟ್ಟುಕೊಂಡು, ಜೆರಾಕ್ಸ್ ಅಕ್ಕ ಚಿಕ್ಕಪ್ಪನ ಸಹಿಯನ್ನು ತಾನೇ ಹಾಕಿದಳು.

ಕಷ್ಟವೇನಾಗಲಿಲ್ಲ. ಹೆಬ್ಬೆಟ್ಟು ಒತ್ತುತ್ತಿದ್ದ ಮನುಷ್ಯನಿಗೆ ಸಹಿ ಕಲಿಸಿದ್ದೇ ಮೂರನೇ ತರಗತಿಯಲ್ಲಿದ್ದ ಅವಳು. ಕೊನೆಯ ಅಕ್ಷರದ ಬಾಲ ಕಳಚಿದ ಚೈನಿನ ಹಾಗೆ ಕೆಳಗೆ ಜೋತುಬೀಳುತ್ತದೆಂಬುದೂ ಗೊತ್ತಿತ್ತು. ಇನ್ನೆರಡು ದಿನದಲ್ಲಿ ಗುಂಡಿಯಂಗಡಿಯ ಬೀಗದ ಕೈ ತಂದು ಅವನ ಕೈಗಿಟ್ಟು, ಬೈಸಿಕೊಂಡು, ನಕ್ಕು ಮುಗಿಸಿದರಾಯಿತು. ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ. ಹಾಗಂದುಕೊಂಡು ಮಸಿ ಆರಲೆಂದು ಊದಿದಳು.

ನಾಲ್ಕನೇ ದಿನ ಇಪ್ಪತ್ತೆಂಟನೇ ನಂಬರಿನಲ್ಲಿ ಮೊಬೈಲ್ ಕವರು ಮಾರುವವನೊಬ್ಬ ಗಾಜಿನ ಪೆಟ್ಟಿಗೆ ಇಳಿಸಿಕೊಳ್ಳುತ್ತಿದ್ದ.

ಅವಳು ಹದಿನಾರಮ್ಮನ ಮನೆಗೆ ಓಡಿದಳು. ಮುದುಕಿ ಚಹಾ ಹೀರುತ್ತ ಪೂರಾ ಕೇಳಿಸಿಕೊಂಡಳು. "ಬಾಯಿಮಾತು ಗಾಳಿಮಾತು ಕಣೇ. ನೀನು ಓದಿದವಳು. ಬರೆಸ್ಕೋಬೇಕಿತ್ತು."

ಒಡೆಯುವ ದಿನಕ್ಕೆ ಇನ್ನು ಒಂಬತ್ತು ದಿನ. ಒಂಬತ್ತು ದಿನವೂ ಅವಳು ಚಿಕ್ಕಪ್ಪನ ಕಲ್ಲಿನ ಮೇಲೆ ಕೂತು ಚಹಾ ಕುಡಿದಳು, ಒಂಬತ್ತು ದಿನವೂ ಹೇಳದೆ ಎದ್ದುಬಂದಳು. ಅವನೋ, ತನ್ನ ಸಹಿ ಇಲ್ಲದೆ ಕೆಲಸ ಪಕ್ಕದ ಬೀದಿಗೆ ಹೋಯಿತೆಂದೇ ನಂಬಿದ್ದ. ಎಲ್ಲರೂ ಅವನ ಕಡೆ ನೋಡಿ ನಗುತ್ತಿದ್ದುದನ್ನು, 'ಬಂದ್ಯಲ್ಲ ದಾರಿಗೆ' ಎಂದು ಬೆನ್ನು ತಟ್ಟುತ್ತಿದ್ದುದನ್ನು ಕಂಡು, "ಜನ ಒಳ್ಳೆಯೋರು ಕಣೇ, ಸಿಟ್ಟು ಇಟ್ಕೊಳ್ಳಲ್ಲ," ಎಂದ. ಒಡೆಯುವ ಹಿಂದಿನ ದಿನವಷ್ಟೇ ಯಾರೋ ಹೇಳಿದರು, ಭಾನುವಾರ ಬೆಳಿಗ್ಗೆ ಸಮ್ಮಟಿಗೆ ಬರುತ್ತದೆಂದು. "ಬರಲಿ. ಅವರವರ ಕಟ್ಟೆ ಅವರವರು ಒಡ್ಕೊಳ್ಳಲಿ. ಕಚೇರಿಯೋರು ನಂಗೆ ವಿನಾಯಿತಿ ಕೊಟ್ಟಿರಬೇಕು. ನೀನೇ ಬರೆದಿರ್ತೀಯ ಅಲ್ವಾ ಪುಟ್ಟಿ?" ಎಂದ ಅವನು. ಅವಳು ಚಹಾದ ಲೋಟ ತೊಳೆದಿಟ್ಟಳು.

ಒಡೆಯುವುದಕ್ಕೊಂದು ಕ್ರಮವಿತ್ತು, ಅದನ್ನು ಗೊತ್ತುಮಾಡಿದವಳೂ ಅವಳೇ. ಮೊದಲ ಏಟು ಆಯಾ ಅಂಗಡಿಯವನದು, ಉಳಿದ ಏಟು ನೆರೆಯವರದು. ಒಂದೇ ಸಮ್ಮಟಿಗೆ ಒಂದನೇ ನಂಬರಿನಿಂದ ನಲವತ್ತೆರಡರವರೆಗೆ ಕೈಯಿಂದ ಕೈಗೆ ಹೋಗಬೇಕು. ಆಗ ನಾಳೆ ಯಾರೂ 'ನನ್ನದನ್ನು ಅವನು ಒಡೆದ' ಎಂದು ಹಗೆ ಸಾಧಿಸುವಂತಿಲ್ಲ.

ಬೆಳಗಿನ ಎಂಟಕ್ಕೆ ಶುರುವಾದಾಗ ಅದು ನಗುವ ಕೆಲಸವಾಗಿತ್ತು. ಒಂದನೇ ನಂಬರಿನ ಬೇಕರಿಯವನು ಸಮ್ಮಟಿಗೆ ಎತ್ತಲಾರದೆ ತೂರಾಡಿದಾಗ ಶಿಳ್ಳೆ ಬಿತ್ತು. ಐದನೆಯವನ ಮೆಟ್ಟಿಲು ಒಂದೇ ಏಟಿಗೆ ಪುಡಿಯಾಗಿ, "ಇದನ್ನ ಕಟ್ಟಿದ ಮೇಸ್ತ್ರಿನ ಹಿಡ್ಕೊಂಡು ಬನ್ರೋ!" ಎಂದು ಕೂಗಾಯಿತು. ಹತ್ತರ ಹೊತ್ತಿಗೆ ನಗು ನಿಂತಿತು. ಧೂಳು ಎಲ್ಲರ ರೆಪ್ಪೆಯ ಮೇಲೆ ಕೂತು ಎಲ್ಲರ ಮುಖವೂ ಒಂದೇ ಆಗಿತ್ತು. ಕಲ್ಲಿನ ಚೂರೊಂದು ಸಿಡಿದು ಬೇಕರಿಯವನ ಹುಬ್ಬು ಸೀಳಿತು. ಅವನು ರಕ್ತ ಒರೆಸಿಕೊಂಡು, ಮುಂದಿನ ಅಂಗಡಿಯ ಕಟ್ಟೆಯನ್ನು ಕಾಲಿನಿಂದಲೇ ಒದೆಯತೊಡಗಿದ.

ಹದಿನೇಳನೆಯದು ದರ್ಜಿಯ ಕಟ್ಟೆ. ದರ್ಜಿ ಕಣ್ಣುಮುಚ್ಚಿ ಮೊದಲ ಏಟು ಹಾಕಿದ. ಕಲ್ಲಿಗೆ ತರಚಿದಂತಾಯಿತು ಅಷ್ಟೇ. ಸಮ್ಮಟಿಗೆಯನ್ನು ಮಾಂಸದಂಗಡಿಯವನು ಕಿತ್ತುಕೊಂಡ. ಅವನು ಹೊಡೆದ ಬಗೆ ನೋಡಿ ಜನ ಹಿಂದೆ ಸರಿದರು. ಕಟ್ಟೆ ಹೋಯಿತು, ಕಟ್ಟೆಯ ಅಡಿಪಾಯ ಹೋಯಿತು, ಆಮೇಲೂ ಅವನು ಬರಿಯ ಮಣ್ಣನ್ನು ಹೊಡೆಯುತ್ತಲೇ ಇದ್ದ. ದರ್ಜಿ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದ.

"ಏನು ದರ್ಜಿ, ಅಳತೆ ತಗೋತಿದ್ದೀಯಾ?" ಎಂದರು ಯಾರೋ.

ದರ್ಜಿಯೂ ನಕ್ಕ. ನಕ್ಕು, ಅಲ್ಲಿ ಬಿದ್ದಿದ್ದ ಹಾರೆಯೊಂದನ್ನು ಎತ್ತಿಕೊಂಡ. ಅಲ್ಲಿಂದ ಮುಂದೆ ಪ್ರತಿ ಅಂಗಡಿಯಲ್ಲೂ ಅಂಗಡಿಯವನ ಏಟು ಮುಗಿಯುವುದೇ ತಡ ಎರಡನೇ ಏಟು ಅವನದೇ. ಜೆರಾಕ್ಸ್ ಅಕ್ಕ, ಕಚೇರಿಯವರು ಮುದ್ರೆ ಒತ್ತಿ ವಾಪಸು ಕೊಟ್ಟಿದ್ದ ಫೈಲನ್ನು ಎದೆಗವಚಿಕೊಂಡು ಗುಂಪಿನ ಹಿಂದೆ ಹಿಂದೆ ನಡೆಯುತ್ತಿದ್ದಳು. ಇಪ್ಪತ್ತು. ಇಪ್ಪತ್ತಮೂರು. ಇಪ್ಪತ್ತಾರು. ಇಪ್ಪತ್ತೆಂಟರ ಹೊಸಬನಿಗೆ ಒಡೆಯಲು ಏನೂ ಇರಲಿಲ್ಲ. ಎಲ್ಲರಿಗೂ ನೀರು ಕೊಟ್ಟ.

ಚಿಕ್ಕಪ್ಪ ಕಲ್ಲಿನ ಮೇಲೆ ಕೂತು, ವೈಸಿಗೆ ಕಚ್ಚಿಸಿದ ರಿಮ್ಮಿನ ಕಡ್ಡಿಗಳನ್ನು ಬಿಗಿ ಮಾಡುತ್ತಿದ್ದ. ತಲೆಯೆತ್ತಲಿಲ್ಲ.

"ಬಾರಪ್ಪ, ಮೊದಲ ಏಟು," ಎಂದ ಅಧ್ಯಕ್ಷ.

"ನಂದು ಸಹಿ ಇಲ್ಲಪ್ಪ. ಮೂವತ್ತಕ್ಕೆ ಹೋಗಿ."

ಒಬ್ಬಿಬ್ಬರು ನಕ್ಕರು. ಅಧ್ಯಕ್ಷ ನಗಲಿಲ್ಲ. "ಇಪ್ಪತ್ತೆಂಟು ಆದಮೇಲೆ ತಮಾಷೆ ಬೇಡ."

"ತಮಾಷೆ ಮಾಡೋದು ನನ್ನ ಕಸುಬು, ಒಪ್ಕೋತೀನಿ. ಆದರೆ ಇದು ತಮಾಷೆ ಅಲ್ಲ. ನಾನು ಹಾಕಿಲ್ಲ."

"ಅಕ್ಕಾ, ಫೈಲು ಕೊಡಿ."

ಅವಳು ಕೊಡಲಿಲ್ಲ. ಅಧ್ಯಕ್ಷ ಅವಳ ತೋಳುಗಳ ನಡುವಿನಿಂದ ಅದನ್ನು ಎಳೆದುಕೊಂಡ, ಎಂಜಲು ಹಚ್ಚಿ ಹಾಳೆ ತಿರುವಿದ, ಚಿಕ್ಕಪ್ಪನ ಮುಖದ ಮುಂದೆ ಹಿಡಿದ. ಚಿಕ್ಕಪ್ಪ ಬಟ್ಟೆಗೆ ಕೈ ಒರೆಸಿಕೊಂಡು, ಕಾಗದವನ್ನು ದೂರ ಹಿಡಿದು ನೋಡಿದ.

ಈಗ ಹೇಳಬೇಕು. ಅವಳಿಗೆ ಗೊತ್ತಿತ್ತು, ಈಗಲೇ. 'ನಾನು ಹಾಕಿದ್ದೇನೆ' ಎನ್ನಲೇ, 'ಹಾಕಬೇಕಾಯಿತು' ಎನ್ನಲೇ? ಹದಿನಾರಮ್ಮನ ಮಾತಿನಿಂದ ಶುರುಮಾಡಿದರೆ ಅರ್ಥವಾದೀತೇ? ಸೀಳಿದ ಟೈರುಗಳಿಂದ ಶುರುಮಾಡಿದರೆ? ವಾಕ್ಯವೊಂದು ಅವಳ ಬಾಯಲ್ಲಿ ಕಟ್ಟಿಕೊಂಡು, ಬಿಚ್ಚಿಕೊಂಡು, ಮತ್ತೆ ಕಟ್ಟಿಕೊಳ್ಳುತ್ತಿತ್ತು. ಅಷ್ಟರಲ್ಲಿ ಚಿಕ್ಕಪ್ಪನ ಬೆರಳು ಕೊನೆಯ ಅಕ್ಷರದ ಬಾಲದ ಮೇಲೆ ನಿಂತಿತು. ಅವನು ಕಣ್ಣೆತ್ತಿದ, ಅವಳ ಮುಖ ನೋಡಲಿಲ್ಲ, ಅವಳ ಬಲಗೈ ನೋಡಿದ.

"ನಂದೇ," ಎಂದ.

"ಮತ್ತೆ?"

"ಮತ್ತೇನು? ಆವತ್ತು ಹಾಕಿದ್ದೆ. ಇವತ್ತು ಮನಸ್ಸಿಲ್ಲ."

"ಮನಸ್ಸಿಲ್ವಾ?" ಮಾಂಸದಂಗಡಿಯವನು ಮುಂದೆ ಬಂದ. ಅವನ ಅಂಗೈಯ ಗುಳ್ಳೆಗಳೊಡೆದು ಸಮ್ಮಟಿಗೆಯ ಹಿಡಿ ಒದ್ದೆಯಾಗಿತ್ತು. "ಇಷ್ಟು ಜನ ಒಡ್ಕೊಂಡು ನಿಂತಿದೀವಿ. ನಿನ್ನೊಬ್ಬನಿಗೆ ಮನಸ್ಸಿಲ್ಲ? ನಾಳೆ ಇಲ್ಲಿ ಇನ್ಯಾರದೋ ಅಪ್ಪ ಸಾಯ್ತಾನೆ, ಆಗ ಬರುತ್ತಾ ಮನಸ್ಸು?"

"ಕಲ್ಲು ಬೇಕಾದರೆ ಒಡಿ ಮಗಾ," ಎಂದ ಚಿಕ್ಕಪ್ಪ. ಎದ್ದು ನಿಂತು, ನಾಯಿಯ ತಲೆಯ ಮೇಲೆ ಇಡುವ ಹಾಗೆ ವೈಸಿನ ಮೇಲೆ ಬಲಗೈ ಇಟ್ಟ. "ಇದೊಂದನ್ನ ಬಿಚ್ಕೋತೀನಿ, ತಡಿ..."

ಸಮ್ಮಟಿಗೆ ಇಳಿಯಿತು.

ಕೈ ಆಮೇಲೆ ಬಂತು, ಸಮ್ಮಟಿಗೆ ಮೊದಲೇ ಹೊರಟಿತ್ತು ಎಂದು ಮಾಂಸದಂಗಡಿಯವನು ಕೊನೆಯವರೆಗೂ ಹೇಳಿದ. ಅವಳು ಕಂಡಿದ್ದಳು. ಕೈ ಮೊದಲೇ ಅಲ್ಲಿತ್ತು. ಕಬ್ಬಿಣಕ್ಕೆ ಕಬ್ಬಿಣ ತಾಗಿದರೆ ಆಗಬೇಕಾದ ಸದ್ದು ಆಗಲಿಲ್ಲ. ನಡುವೆ ಏನೋ ಮೆತ್ತಗಿನದು ಸಿಕ್ಕಿದ ಸದ್ದು. ಚಿಕ್ಕಪ್ಪ ಕೂಗಲಿಲ್ಲ. ಯಾರೋ ಕೂರೆಂದರೇನೋ ಎಂಬಂತೆ ಕೂತ. ತೋಳು ಮಾತ್ರ ಮೇಲೆಯೇ ಉಳಿಯಿತು, ಬೆರಳುಗಳು ವೈಸಿಗೆ ಅಂಟಿಕೊಂಡಿದ್ದವು. ಸಣ್ಣದೊಂದು ಬೆರಳು ಇನ್ನೊಂದು ದಿಕ್ಕಿಗೆ ತಿರುಗಿ ಅಲುಗಾಡುತ್ತಿತ್ತು.

"ನಾನು ಹಾಕಿದ್ದು!" ಅವಳ ಬಾಯಿಂದ ಬಂತು. "ಸಹಿ ನಂದು! ಚಿಕ್ಕಪ್ಪಂದಲ್ಲ! ಕಳ್ಳಸಹಿ, ನಾನೇ ಹಾಕಿದ್ದು!"

ಮೂವತ್ತು ಜನ ಕೇಳಿಸಿಕೊಂಡರು. ಹುಬ್ಬೊಡೆದ ಬೇಕರಿಯವನು ಕೇಳಿಸಿಕೊಂಡ, ನೀರಿನ ತಂಬಿಗೆ ಹಿಡಿದ ಇಪ್ಪತ್ತೆಂಟರವನು ಕೇಳಿಸಿಕೊಂಡ. ಸಹಿ ಸುಳ್ಳಾದರೆ ಒಪ್ಪಿಗೆ ಬಿದ್ದುಹೋಗುತ್ತದೆ, ಒಪ್ಪಿಗೆ ಬಿದ್ದುಹೋದರೆ ಬೆಳಗಿನಿಂದ ಒಡೆದದ್ದೆಲ್ಲ ಸುಮ್ಮಸುಮ್ಮನೆ ಒಡೆದದ್ದು. ಒಬ್ಬೊಬ್ಬರ ಮುಖದಲ್ಲೂ ಆ ಯೋಚನೆ ಹಾದುಹೋಗುವುದನ್ನು ಅವಳು ನೋಡಿದಳು. ಅಧ್ಯಕ್ಷ ಆ ಹಾಳೆಯನ್ನು ಫೈಲಿನಿಂದ ಹರಿದು, ನಾಲ್ಕಾಗಿ ಮಡಚಿ, ಜೇಬಿಗಿಟ್ಟ.

"ಪಾಪ," ಎಂದ. "ಚಿಕ್ಕಪ್ಪನ್ನ ಉಳಿಸ್ಕೊಳ್ಳೋಕೆ ಏನೇನೋ ಹೇಳ್ತಿದಾಳೆ."

"ಹೌದು, ಪಾಪ," ಎಂದರು ನಾಲ್ಕಾರು ಜನ, ಉಸಿರು ಬಿಟ್ಟು.

ಅವಳು ಸಮ್ಮಟಿಗೆಯ ಹಿಡಿಗೆ ಜೋತುಬಿದ್ದಳು. ಮಾಂಸದಂಗಡಿಯವನು ಕೊಡವಿದ ರಭಸಕ್ಕೆ ಕಲ್ಲುರಾಶಿಯ ಮೇಲೆ ಬಿದ್ದಳು. ಮೊಣಕಾಲಿನ ಚರ್ಮ ಎದ್ದುಬಂತು. ಅವನು ಸಮ್ಮಟಿಗೆಯನ್ನು ಕೆಳಗೆ ಹಾಕಿ, ತನ್ನ ಕೈಗಳನ್ನೇ ನೋಡುತ್ತ ನಿಂತ. ಅಲ್ಲಿಗೆ ಮುಗಿಯಿತೆಂದು ಅವಳಿಗೆ ಅನ್ನಿಸಿತು. ಚಿಕ್ಕಪ್ಪ ಎಡಗೈ ಊರಿ ಏಳಲು ನೋಡುತ್ತಿದ್ದ.

ಆಗ ಬಂದವನು ದರ್ಜಿ.

"ನನ್ನ ಕಟ್ಟೆ ಹೋಯ್ತಲ್ಲಾ!" ಎಂದ, ಅದೇ ತೆಳ್ಳಗಿನ ದನಿಯಲ್ಲಿ, ಮತ್ತು ಹಾರೆಯನ್ನು ಚಿಕ್ಕಪ್ಪನ ಹೆಗಲಿಗೆ ಬೀಸಿದ. "ಹೊಡೆಸ್ಕೊಂಡೆ, ಸುಮ್ಮನಿದ್ದೆ! ಸಹಿ ಹಾಕು ಅಂದ್ರು, ಹಾಕಿದೆ!" ಇನ್ನೊಂದು ಏಟು ಪಕ್ಕೆಗೆ ಬಿತ್ತು. "ಒಡಿ ಅಂದ್ರು, ಒಡೆದೆ! ನಂಗೆ ಮನಸ್ಸಿತ್ತೇನೋ? ನಂಗಿತ್ತೇನೋ ಮನಸ್ಸು?" ಮೂರನೆಯದು ಕಿವಿಯ ಮೇಲೆ ಜಾರಿ ಕಲ್ಲಿಗೆ ಬಡಿದು ಕಿಡಿ ಹಾರಿತು. ಇಷ್ಟು ವರ್ಷದಲ್ಲಿ ಅವನು ಯಾರಿಗೂ 'ಏನೋ' ಎಂದದ್ದನ್ನು ಬೀದಿ ಕೇಳಿರಲಿಲ್ಲ. ಗಿರಾಕಿ ಬಟ್ಟೆ ವಾಪಸು ಎಸೆದರೂ ಮಡಿಸಿ ಕೊಡುತ್ತಿದ್ದ ಮನುಷ್ಯ. ನಾಲ್ಕನೇ ಏಟಿಗೆ ಹಾರೆ ಎತ್ತಿದಾಗ ಹಿಂದಿನಿಂದ ಅವನನ್ನು ಬಾಚಿ ತಬ್ಬಿ ಹಿಡಿದವನು ಮಾಂಸದಂಗಡಿಯವನೇ. "ಸಾಕೋ, ಸಾಕೋ ಮಾರಾಯ, ಸತ್ತೋಗ್ತಾನೆ!" ಎಂದು ಅವನು ಅಳುತ್ತಿದ್ದ.

ಕಲ್ಲುರಾಶಿ ಬಿದ್ದ ಬೀದಿಯಲ್ಲಿ ಗಾಡಿ ಬರುವಂತಿರಲಿಲ್ಲ. ಮಾಂಸದಂಗಡಿಯವನೇ ಚಿಕ್ಕಪ್ಪನನ್ನು ಹೊತ್ತುಕೊಂಡು ನಡೆದ. ಅವಳು ಪಕ್ಕದಲ್ಲಿ ಕುಂಟುತ್ತ, ಆ ಕೈಯನ್ನು ತನ್ನ ದುಪಟ್ಟಾದಲ್ಲಿ ಸುತ್ತಿ ಹಿಡಿದುಕೊಂಡು ಓಡಿದಳು. ಒಳಗೆ ಎಷ್ಟು ಚೂರುಗಳಿವೆಯೆಂದು ಬಟ್ಟೆಯ ಮೇಲಿಂದಲೇ ಬೆರಳಿಗೆ ತಿಳಿಯುತ್ತಿತ್ತು.

ಆಸ್ಪತ್ರೆಯಲ್ಲಿ ಮೂರು ಬೆರಳು ತೆಗೆದರು. ಹೆಗಲ ಮೂಳೆ ಮುರಿದಿತ್ತು, ಎರಡು ಪಕ್ಕೆಲುಬು ಮುರಿದಿದ್ದವು. ಅವನಿಗೆ ಎಚ್ಚರವಾಗುವ ಮೊದಲೇ ಅಧ್ಯಕ್ಷ ಬ್ರೆಡ್ಡು, ಹಾಲು ಹಿಡಿದುಕೊಂಡು ಬಂದು ಕೂತಿದ್ದ. ಸಂಜೆ ನಾಲ್ಕಕ್ಕೆ ಕಾನ್‌ಸ್ಟೇಬಲ್ ಬಂದು ಕೇಳಿದಾಗ ಚಿಕ್ಕಪ್ಪ, "ಚಪ್ಪಡಿ ಜಾರ್ತು ಸಾರ್. ವಯಸ್ಸಾಯ್ತು, ಕೈ ತೆಗೆಯೋದು ತಡ ಆಯ್ತು," ಎಂದ. ಕಾನ್‌ಸ್ಟೇಬಲ್ ಅವನ ಕಿವಿ ನೋಡಿದ, ಹೆಗಲು ನೋಡಿದ. "ಎಷ್ಟು ಸಲ ಜಾರ್ತಪ್ಪ ಚಪ್ಪಡಿ?" ಎಂದ. ಆದರೂ ಬರೆದುಕೊಂಡ. ಅಧ್ಯಕ್ಷ ಅವನನ್ನು ಮೆಟ್ಟಿಲವರೆಗೆ ಬಿಡಲು ಹೋದ.

"ಯಾಕೆ ಚಿಕ್ಕಪ್ಪ?" ಎಂದಳು ಅವಳು.

"ಯಾಕೆ ಅಂದ್ರೆ? ಸಹಿ ವಿಷಯ ಹೊರಗೆ ಬಂದರೆ ನಿನ್ನ ಎಳ್ಕೊಂಡು ಹೋಗ್ತಾರೆ. ಕೈ ಹೇಗೂ ಹೋಯ್ತು. ನೀನಾದ್ರೂ ಹೊರಗಿರು."

"ನಾನು ಮೊದಲೇ ಬಾಯಿ ಬಿಟ್ಟಿದ್ರೆ..."

"ಹುಟ್ಟಿದಾಗಿಂದ ನೀನು ಹಾಗೇ ಕಣೇ. ಅಳೋಕೂ ಯೋಚನೆ ಮಾಡ್ತಿದ್ದೆ." ನಗಲು ಹೋಗಿ ಪಕ್ಕೆ ಹಿಡಿದುಕೊಂಡ. ಆಮೇಲೆ ಹೇಳಿದ: "ಸುಮ್ಮನಿರ್ತೀನಿ ಅಂತ ಮಾತು ಕೊಡು."

ಅವಳು ಕೊಡಲಿಲ್ಲ. ಚಿಕ್ಕಪ್ಪನ ಮುಖದಲ್ಲಿ ನೋವು ಮಾತ್ರ ಇರಲಿಲ್ಲ, ಭಯವೂ ಇತ್ತು. ಆ ಬೀದಿಗೆ ಮತ್ತೆ ಹೋಗಬೇಕಾದವನ ಭಯ. ಅವಳು ಸುಮ್ಮನಿದ್ದರೆ ಅವನು ಆ ಮೂವತ್ತು ಜನರ ನಡುವೆ, ಚಪ್ಪಡಿ ಜಾರಿದ ಕಥೆಯನ್ನು ದಿನವೂ ಹೇಳಿಕೊಂಡು, ಎರಡು ಬೆರಳಿನಲ್ಲಿ ಬದುಕಬೇಕು. ಸಹಿ ಹಾಕಿ ಮಾತು ತಪ್ಪಿದವನೆಂದು ಅವನನ್ನು ಹೊಡೆದರು, ಬೀದಿಯ ಪಾಲಿಗೆ ಅವನು ಹಾಗೆಯೇ ಉಳಿಯುತ್ತಾನೆ. ಅವಳು ಎದ್ದಳು. "ಪುಟ್ಟೀ," ಎಂದು ಅವನು ಕರೆದ, ಮತ್ತೆ ಕರೆದ, ಆಮೇಲೆ ಗೋಡೆಯ ಕಡೆ ಮುಖ ತಿರುಗಿಸಿದ.

ಕಾನ್‌ಸ್ಟೇಬಲ್ ಅಂಗಳದಲ್ಲಿ ಹೆಲ್ಮೆಟ್ಟು ಹಾಕಿಕೊಳ್ಳುತ್ತಿದ್ದ. ಅವಳು ಅವನ ಹತ್ತಿರ ಹಾಳೆ ಕೇಳಿ ಪಡೆದು, ಬೈಕಿನ ಸೀಟಿನ ಮೇಲಿಟ್ಟು ಬರೆದಳು. ನಿಲ್ಲಿಸಲಿಲ್ಲ, ಹೊಡೆದುಹಾಕಲಿಲ್ಲ. ಅವನು ಓದಿದ.

"ಅಮ್ಮಾ, ಇದರ ಪ್ರಕಾರ ಮೊದಲ ತಪ್ಪಿತಸ್ಥೆ ನೀವೇ ಆಗ್ತೀರಲ್ಲ."

"ಹೌದು."

"ಕಳ್ಳಸಹಿ ಅಂದ್ರೆ ಸುಮ್ಮನೆ ಅಲ್ಲ. ಒಂದು ದಿನ ಯೋಚನೆ ಮಾಡಿ."

"ಯೋಚನೆ ಮಾಡಿದ್ದು ಸಾಕು ಸಾರ್. ತಗೊಳ್ಳಿ."

ಮರುದಿನ ಬೆಳಿಗ್ಗೆ ಅವನ ಜೊತೆ ಅವಳು ಬೀದಿಗೆ ಬಂದಳು, ಯಾರ್ಯಾರೆಂದು ತೋರಿಸಲು. ಇಪ್ಪತ್ತೆಂಟರವರೆಗೆ ಬೀದಿ ಅಗಲವಾಗಿ, ಹಲ್ಲು ಕಿತ್ತ ಬಾಯಿಯ ಹಾಗೆ ಕಾಣುತ್ತಿತ್ತು. ಅಲ್ಲಿಂದಾಚೆ ಹಳೆಯದೇ ಇಕ್ಕಟ್ಟು. ಅವರು ಮುಂದೆ ಮುಂದೆ ನಡೆದಂತೆ ಎಡಬಲದ ಶಟರುಗಳು ಒಂದೊಂದಾಗಿ ಇಳಿದವು. ಅಧ್ಯಕ್ಷ ಮಾತ್ರ ಬಾಗಿಲಲ್ಲೇ ನಿಂತಿದ್ದ.

"ನಲವತ್ತೆರಡು ಸಂಸಾರ ಅಕ್ಕ. ಎಲ್ಲರ ಬಾಯಿಗೆ ಮಣ್ಣು ಹಾಕ್ತೀರಿ. ಅದೂ ಆಧಾರ ಏನಿದೆ? ಆ ಕಾಗದ ಈಗಿಲ್ಲ."

"ನನ್ನ ಅಂಗಡಿ ಯಾವುದು ಅಂತ ಮರೆತ್ರಾ?" ಎಂದಳು. "ಫೈಲಿನದು ಮೂರು ಪ್ರತಿ ಇದೆ."

ಅವನ ಮುಖದ ಬಣ್ಣ ಹೋಯಿತು. "ಬೀದಿಗೆ ಹುಟ್ಟಿದ ಮಾರಿ ನೀನು," ಎಂದ. ಇಷ್ಟು ದಿನ 'ನೀವು' ಎಂದವನು.

ಮಾಂಸದಂಗಡಿಯವನು ತಾನೇ ಹೊರಗೆ ಬಂದು ನಿಂತಿದ್ದ. ಕೈಗಳಿಗೆ ಬಟ್ಟೆ ಸುತ್ತಿಕೊಂಡಿದ್ದ. "ಕೈ ಆಮೇಲೆ ಬಂತು ಸಾರ್," ಎಂದ, ಅವಳ ಕಡೆ ನೋಡದೆ. "ನಮ್ಮಪ್ಪನಾಣೆ." ಕಾನ್‌ಸ್ಟೇಬಲ್ ಬರೆದುಕೊಂಡು ಸಂಜೆ ಠಾಣೆಗೆ ಬಾ ಎಂದ.

ಅಲ್ಲಿಂದ ನಾಲ್ಕು ಹೆಜ್ಜೆ ಹೋಗಿರಬಹುದು. ಹಿಂದಿನಿಂದ ಕಲ್ಲೊಂದು ಬಂದು ಅವಳ ತಲೆಗೆ, ಕಿವಿಯ ಮೇಲ್ಭಾಗಕ್ಕೆ ಬಡಿಯಿತು. ಕಣ್ಣು ಕತ್ತಲೆಗಟ್ಟಿ ಗೋಡೆ ಹಿಡಿದಳು. ಬೀದಿ ತುಂಬ ಎಸೆಯಲು ಕಲ್ಲಿಗೇನೂ ಬರವಿರಲಿಲ್ಲ. ಕಾನ್‌ಸ್ಟೇಬಲ್ ಲಾಠಿ ಎತ್ತಿ ತಿರುಗಿದ. ಮುಚ್ಚಿದ ಶಟರುಗಳ ಹೊರತು ಯಾರೂ ಕಾಣಲಿಲ್ಲ.

"ನಡೀರಿ ಅಮ್ಮಾ, ವಾಪಸು ಹೋಗೋಣ. ಉಳಿದದ್ದು ಆಮೇಲೆ ನೋಡಿದರಾಯ್ತು."

"ಇನ್ನೊಬ್ಬರಿದ್ದಾರೆ," ಎಂದಳು ಅವಳು.

ಹದಿನೇಳನೇ ನಂಬರಿನ ಶಟರು ಪೂರಾ ಮೇಲಿತ್ತು. ದರ್ಜಿ ಮೆಷಿನ್ನಿನ ಮುಂದೆ ಕೂತಿದ್ದ. ಕೊರಳಲ್ಲಿ ಟೇಪು, ಹೊಸ ಕನ್ನಡಕ. ಕಾನ್‌ಸ್ಟೇಬಲ್ಲನ್ನು ಕಂಡ, ಅವಳನ್ನು ಕಂಡ, ಅವಳ ಕೊರಳಿಗೆ ಇಳಿಯುತ್ತಿದ್ದ ರಕ್ತವನ್ನು ಕಂಡ. ಕೂತಲ್ಲೇ ಕೈ ಚಾಚಿ, ಕಪಾಟಿನ ಬಿಳಿ ಬಟ್ಟೆಯಿಂದ ತುಂಡೊಂದನ್ನು ಕತ್ತರಿಸಿ ಅವಳಿಗೆ ಕೊಟ್ಟ.

"ಇವರೇನಾ?" ಎಂದ ಕಾನ್‌ಸ್ಟೇಬಲ್, ನಂಬದೆ.

"ಹೌದು. ಇವರೇ. ಮೂರು ಏಟು."

"ಮೂರಾ?" ಎಂದ ದರ್ಜಿ. "ನಂಗೆ ಎರಡು ನೆನಪಿದೆ ಅಕ್ಕ." ಆಮೇಲೆ ತಲೆಯಾಡಿಸಿದ. "ನೀವು ಬರೆದಿದ್ದರೆ ಸರಿಯೇ ಇರುತ್ತೆ. ಸಾರ್, ಒಂದೈದು ನಿಮಿಷ. ಮಗು ಬಟ್ಟೆ, ಸಂಜೆಗೆ ಕೊಡ್ತೀನಿ ಅಂದಿದೀನಿ, ತೋಳು ಒಂದು ಬಾಕಿ ಇದೆ."

ಕಾನ್‌ಸ್ಟೇಬಲ್ ಅವಳ ಮುಖ ನೋಡಿದ. ಅವಳು ಬಟ್ಟೆಯನ್ನು ತಲೆಗೆ ಒತ್ತಿಕೊಂಡು, ಕಟ್ಟೆ ಇದ್ದ ಜಾಗದ ಮಣ್ಣಿನಲ್ಲಿ ನಿಂತಳು. ದರ್ಜಿ ಸೂಜಿಗೆ ದಾರ ಪೋಣಿಸಲು ನೋಡಿದ. ತಪ್ಪಿತು, ಮತ್ತೆ ತಪ್ಪಿತು. ಮೂರನೇ ಸಲಕ್ಕೆ ಅವಳು ಒಳಗೆ ಹೋಗಿ, ಅವನ ಕೈಯಿಂದ ದಾರ ತೆಗೆದುಕೊಂಡು ಪೋಣಿಸಿ ಕೊಟ್ಟು, ಹೊರಗೆ ಬಂದಳು. ಮೆಷಿನ್ ಓಡತೊಡಗಿತು.